ದೇಶದಂತೆಯೇ ಇದ್ದ ಊರು

ಹುಣಸಿಹಾಳ ಜಂಕ್ಷನ್ನಿನ ಜನ ಅನಸೂಯಾಳನ್ನು ಮಳೆ ಅಕ್ಕ ಎಂದೇ ಕರೆಯುತ್ತಿದ್ದರು. ರೈಲು ನಿಲ್ದಾಣದ ಹಿಂದೆ ತಂತಿಬೇಲಿ ಹಾಕಿದ ಸಣ್ಣ ಕಟ್ಟಡ, ಅದರ ಮೇಲೆ 'ಹವಾಮಾನ ಉಪಕೇಂದ್ರ' ಎಂಬ ಬೋರ್ಡು. ಅಂಗಳದಲ್ಲಿ ಮಳೆ ಅಳೆಯುವ ಪಾತ್ರೆಯೂ ಗಾಳಿ ಬೀಸಿದತ್ತ ತಿರುಗುವ ತಗಡಿನ ಬಾಣವೂ ಇದ್ದವು. ಬೆಳಿಗ್ಗೆ ಅವಳು ಬೀಗ ತೆಗೆಯುವ ಹೊತ್ತಿಗೆ ದಾರಿಯಲ್ಲಿ ಹೋಗುವವರು ಯಾರಾದರೂ ಸೈಕಲ್ ನಿಧಾನ ಮಾಡಿ, "ಅಕ್ಕಾರ, ಇವತ್ತರ ಬರ್ತೈತೇನ್ರಿ?" ಎಂದು ಕೇಳುವರು. "ನೋಡಬೇಕು" ಎನ್ನುವಳು ಅವಳು. ಹನ್ನೊಂದು ವರ್ಷಗಳಿಂದ ಅದೊಂದೇ ಉತ್ತರ.

ಮಳೆಯ ವಿಷಯದಲ್ಲಿ ಅವಳಿಗೆ ಊರಿನ ಯಾರಿಗಿಂತಲೂ ಹೆಚ್ಚೇನೂ ತಿಳಿದಿರಲಿಲ್ಲ. ಅವಳು ಓದಿದ್ದು ಸಂಖ್ಯಾಶಾಸ್ತ್ರ. ಅಳೆಯುತ್ತಿದ್ದದ್ದು ಊರಿನ ಮನಸ್ಸನ್ನು.

ಇದು ಹೀಗೆ ಶುರುವಾಗಿತ್ತು. ದೇಶ ಯಾರನ್ನು ಆರಿಸುತ್ತದೋ ಅವರನ್ನೇ ಪ್ರತಿ ಸಲವೂ ಆರಿಸುವ ಕ್ಷೇತ್ರಗಳು ಅಲ್ಲೊಂದು ಇಲ್ಲೊಂದು ಇರುತ್ತವೆ. ಪತ್ರಿಕೆಯವರು ಅವನ್ನು ದಿಕ್ಸೂಚಿ ಕ್ಷೇತ್ರ ಎಂದು ಹೊಗಳುತ್ತಾರೆ. ಆದರೆ ಹೊಗಳಿದ ಮುಂದಿನ ಚುನಾವಣೆಗೇ ಅದು ಕೆಡುತ್ತದೆ. ಟೀವಿಯವರ ವ್ಯಾನುಗಳು ಬಂದು ನಿಲ್ಲುತ್ತವೆ, ನಾಯಕರು ಅಲ್ಲೇ ಬಿಡಾರ ಹೂಡುತ್ತಾರೆ, ಮೈಕು ಹಿಡಿದವರ ಮುಂದೆ ಜನ ತಮಗೆ ಅನಿಸಿದ್ದನ್ನು ಬಿಟ್ಟು ಹೇಳಬೇಕಾದದ್ದನ್ನು ಹೇಳತೊಡಗುತ್ತಾರೆ. ಆದ್ದರಿಂದ ಜನಮತ ಮಾಪನ ಕೇಂದ್ರದವರು ಬೇರೆ ದಾರಿ ಹಿಡಿದರು. ದೇಶದ ಎಲ್ಲ ಮತಗಟ್ಟೆಗಳ ಹಳೆಯ ಫಲಿತಾಂಶಗಳನ್ನು ಜರಡಿ ಹಿಡಿದು, ಯಾರ ಕಣ್ಣಿಗೂ ಬೀಳದ ಒಂದು ಊರನ್ನು ಹುಡುಕಿದರು. ಅರ್ಧ ಹೊಲ, ಅರ್ಧ ರೈಲ್ವೆ, ಎರಡು ಬೇಳೆ ಮಿಲ್ಲು, ನಾಲ್ಕು ಸಾವಿರದ ಚಿಲ್ಲರೆ ಮತದಾರರು. ಮುದುಕರೆಷ್ಟು, ಕೆಲಸವಿಲ್ಲದವರೆಷ್ಟು, ಓದಿದವರೆಷ್ಟು, ಯಾವ ಜಾತಿ ಧರ್ಮದವರೆಷ್ಟು ಎಂದು ನೋಡಿದರೆ ಇಡೀ ದೇಶವನ್ನು ಕುದಿಸಿ ಇಂಗಿಸಿ ಒಂದು ಬಟ್ಟಲಿಗೆ ಇಳಿಸಿದಂತಿತ್ತು. ಏಳು ಸಾರ್ವತ್ರಿಕ ಚುನಾವಣೆಗಳಲ್ಲಿ ಹುಣಸಿಹಾಳದ ಮತ ದೇಶದ ಮತಕ್ಕಿಂತ ನೂರಕ್ಕೆ ಒಂದರಷ್ಟೂ ಆಚೀಚೆ ಆಗಿರಲಿಲ್ಲ.

ಇದನ್ನು ಊರಿಗೆ ಹೇಳಕೂಡದು ಎಂದು ತೀರ್ಮಾನವಾಯಿತು. ಚಹದಂಗಡಿ, ಬಸ್ ನಿಲ್ದಾಣ, ರೇಷನ್ ಅಂಗಡಿ, ಖಾನಾವಳಿ, ಹೀಗೆ ಇಪ್ಪತ್ತೆರಡು ಕಡೆ ಬಿಳಿಯ ಪೆಟ್ಟಿಗೆಗಳನ್ನು ಗೋಡೆಗೆ ಹೊಡೆದರು. ಗಾಳಿಯ ತೇವ ಅಳೆಯಲಿಕ್ಕೆ ಎಂದು ಜನ ನಂಬಿದರು. ಪೆಟ್ಟಿಗೆಗಳು ಮಾತನ್ನು ಹಿಡಿದಿಡುತ್ತಿರಲಿಲ್ಲ. ಅದಕ್ಕೆ ಕಾನೂನು ಬಿಡುತ್ತಿರಲಿಲ್ಲ. ಅವು ಅಳೆಯುತ್ತಿದ್ದದ್ದು ದನಿಯ ಏರಿಳಿತ, ಉತ್ತರ ಕೊಡುವ ಮೊದಲಿನ ತಡವರಿಕೆ, ಎರಡು ಮಾತುಗಳ ನಡುವಿನ ಮೌನದ ಉದ್ದ. ಎಲ್ಲ ಪೆಟ್ಟಿಗೆಗಳೂ ಕಳಿಸಿದ್ದನ್ನು ಒಟ್ಟುಗೂಡಿಸುವ ಯಂತ್ರಕ್ಕೆ ಜನನಾಡಿ ಎಂದು ಹೆಸರು. ಅದು ಉಪಕೇಂದ್ರದ ಹಿಂದಿನ ಕೋಣೆಯಲ್ಲಿತ್ತು. ಅದರ ಪರದೆಯ ಮೇಲೆ ದಿನವಿಡೀ ಒಂದು ಹಸಿರು ಗೆರೆ ಹರಿಯುತ್ತಿತ್ತು. ದೆಹಲಿಯಲ್ಲಿ ಕುಳಿತವರು ಆ ಗೆರೆಯನ್ನು ನೋಡಿ ದೇಶದ ಮನಸ್ಸು ಎತ್ತ ವಾಲಿದೆ ಎಂದು ಹೇಳುತ್ತಿದ್ದರು. ಅನಸೂಯಾ ಬಂದ ಮೇಲಿನ ಎರಡು ಚುನಾವಣೆಗಳಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ.

ಗೆರೆ ಕಾಯುವವಳಿಗೆ ಕಟ್ಟಳೆಗಳಿದ್ದವು. ಊರಿನಲ್ಲೇ ಇರಬೇಕು, ಊರಿನವಳಾಗಬಾರದು. ಯಾವ ವಿಷಯಕ್ಕೂ ಅಭಿಪ್ರಾಯ ಹೇಳಬಾರದು. ಯಾರ ಮನೆಯಲ್ಲೂ ಉಣ್ಣಬಾರದು. ಓಟು ಹಾಕಬಾರದು. ನಾಲ್ಕು ಸಾವಿರ ಜನರ ಬಟ್ಟಲಿನಲ್ಲಿ ಒಂದು ಹನಿ ಹೊರಗಿನ ಬಣ್ಣ ಬಿದ್ದರೂ ಮಾದರಿ ಕೆಡುತ್ತದೆ ಎಂದು ಕೇಂದ್ರದವರ ಹೆದರಿಕೆ.

ತುಮಕೂರಿನಿಂದ ಬಂದಾಗ ಅವಳಿಗೆ ಮೂವತ್ತೈದು. ಇದು ಕಷ್ಟ ಅನ್ನಿಸಿರಲಿಲ್ಲ. ಮದುವೆಯ ಮಾತು ಎರಡು ಸಲ ಮುರಿದಿತ್ತು, ತಾಯಿ ಆಗಷ್ಟೇ ಹೋಗಿದ್ದಳು, ಜನರಿಂದ ದೂರ ಇರುವುದೇ ಒಳ್ಳೆಯದು ಅನ್ನಿಸುವ ಕಾಲ. ಎರಡು ವರ್ಷ ಮಾಡಿ ಬಿಡೋಣ ಅಂದುಕೊಂಡಿದ್ದಳು. ಆಮೇಲೆ ಅಭ್ಯಾಸವಾಯಿತು. ಆಮೇಲೆ ಹೋಗಲು ಬೇರೆ ಜಾಗವೇ ಉಳಿಯಲಿಲ್ಲ.

ಅವಳ ಬಾಡಿಗೆ ಕೋಣೆಗೂ ಮಹಾನಂದಾಳ ಖಾನಾವಳಿಗೂ ಒಂದೇ ಗೋಡೆ. ಬೆಳಿಗ್ಗೆ ಆರಕ್ಕೆ ಆಚೆಯಿಂದ ರೊಟ್ಟಿ ತಟ್ಟುವ ಸದ್ದು ಶುರುವಾಗುತ್ತಿತ್ತು. ಮಹಾನಂದಾ ಅರವತ್ತರ ಹತ್ತಿರದವಳು, ದಪ್ಪ ದನಿಯವಳು. ಅವಳ ಗಂಡ ದೇವೀಂದ್ರಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತನಾದವನು. ದಿನವಿಡೀ ದುಡ್ಡಿನ ಗಲ್ಲೆಯ ಹಿಂದೆ ಕೂತು ಗಿರಾಕಿಗಳನ್ನು ತಮಾಷೆ ಮಾಡುವವನು. ಹಬ್ಬ ಹುಣ್ಣಿಮೆ ಬಂದರೆ ಮಹಾನಂದಾ ಬಾಗಿಲಿಗೇ ಬಂದು ಕರೆಯುತ್ತಿದ್ದಳು.

"ಹೋಳಿಗಿ ಮಾಡೀನ್ರಿ. ಬರ್ರಿ, ಎರಡ ತುತ್ತ ಉಂಡ ಹೋಗ್ರಿ."

"ಬೇಡ ಅಮ್ಮಾ, ಯಾಕೋ ಹೊಟ್ಟೆ ಸರಿ ಇಲ್ಲ."

"ಹನ್ನೊಂದ ವರ್ಷ ಹೊಟ್ಟಿ ಸರಿ ಇರದ ಮನಷ್ಯಾರ್ನ ನಾ ಇವತ್ತಿನ ತನಾ ನೋಡಿಲ್ರಿ," ಎಂದು ಅವಳು ನಕ್ಕು ಹೋಗುತ್ತಿದ್ದಳು. ಆದರೂ ಮುಂದಿನ ಹಬ್ಬಕ್ಕೆ ಮತ್ತೆ ಬರುತ್ತಿದ್ದಳು.

ವಿಚಿತ್ರವೆಂದರೆ ಅನಸೂಯಾಳಿಗೆ ಮಹಾನಂದಾ ಚೆನ್ನಾಗಿ ಗೊತ್ತಿದ್ದಳು. ಖಾನಾವಳಿಯಲ್ಲಿದ್ದದ್ದು ಒಂಬತ್ತನೇ ಪೆಟ್ಟಿಗೆ. ಗಂಡ ಹತ್ತಿರವಿದ್ದಾಗ ಅವಳ ದನಿ ಎಷ್ಟು ಹಗುರಾಗುತ್ತದೆ, ಅವನು ಸಂತೆಗೆ ಹೋದ ದಿನ ಎಷ್ಟು ಮಂಕಾಗುತ್ತದೆ ಎಂದು ಆ ಪೆಟ್ಟಿಗೆಯ ಗೆರೆ ನೋಡಿಯೇ ಹೇಳಬಲ್ಲವಳಾಗಿದ್ದಳು. ಆದರೆ ಆ ಗಂಡ ಹೆಂಡತಿ ಏನು ಮಾತಾಡಿಕೊಳ್ಳುತ್ತಾರೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಇಡೀ ಊರಿನ ವಿಷಯವೂ ಹಾಗೇ. ಎಲ್ಲರ ದನಿ ಗೊತ್ತು, ಒಬ್ಬರ ಮಾತೂ ಗೊತ್ತಿಲ್ಲ.

ಕಟ್ಟಳೆಗಳಲ್ಲಿ ಕೊನೆಯದೊಂದಿತ್ತು. ಅದನ್ನು ಅವಳು ಕೆಲಸಕ್ಕೆ ಸೇರಿ ಎರಡು ವರ್ಷವಾದ ಮೇಲೆ ತಿಳಿದದ್ದು. ಊರು ದೇಶದಂತೆಯೇ ಇರಬೇಕಾದರೆ ಅದು ದೇಶಕ್ಕಿಂತ ಮುಂದೆ ಹೋಗಬಾರದು. ಹುಣಸಿಹಾಳಕ್ಕೆ ಹೊಸ ಕಾರ್ಖಾನೆಯೋ ಕಾಲೇಜೋ ಬರುವ ಪ್ರಸ್ತಾಪವಿದ್ದರೆ ಅದರ ಕಡತ ಸದ್ದಿಲ್ಲದೆ ಕೇಂದ್ರಕ್ಕೂ ಬರುತ್ತಿತ್ತು. ಅಲ್ಲಿಂದ ಅವಳಿಗೆ. ಅವಳು ಒಂದು ಪುಟದ ಸ್ಥಿರತಾ ವರದಿ ಬರೆಯಬೇಕು: ಇದು ಬಂದರೆ ಮಾದರಿ ಉಳಿಯುತ್ತದೆಯೋ, ಕೆಡುತ್ತದೆಯೋ.

ಈ ಹನ್ನೊಂದನೆಯ ವರ್ಷ ಬಂದದ್ದು ರೈಲ್ವೆ ಗೇಟಿನ ಮೇಲ್ಸೇತುವೆಯ ಕಡತ. ಹಳಿ ಊರನ್ನು ಎರಡು ಹೋಳು ಮಾಡಿತ್ತು. ಮನೆಗಳೆಲ್ಲ ಈಚೆ, ಸರ್ಕಾರಿ ಆಸ್ಪತ್ರೆ ಆಚೆ. ಕಲ್ಲಿದ್ದಲ ಗಾಡಿಗಳು ಒಂದರ ಹಿಂದೆ ಒಂದು ಬಂದರೆ ಗೇಟು ಅರ್ಧ ಗಂಟೆ ಏಳುತ್ತಿರಲಿಲ್ಲ. ಸೇತುವೆಯ ಪ್ರಸ್ತಾಪ ಹಿಂದೆ ಎರಡು ಸಲ ಬಂದು ಎರಡು ಸಲವೂ ಬಿದ್ದುಹೋಗಿತ್ತು.

ಕೇಂದ್ರದ ನಿರ್ದೇಶಕ ಡಾ. ಇನಾಮದಾರ ಪರದೆಯ ಮೇಲೆ ಕಾಣಿಸಿಕೊಂಡರು. ಮೃದುವಾದ ಮನುಷ್ಯ, ಯಾವತ್ತೂ ಅವಳ ಮೇಲೆ ದನಿ ಏರಿಸಿದವರಲ್ಲ.

"ನಿಮ್ಮ ಅಂದಾಜು ಏನು, ಅನಸೂಯಾ ಅವರೇ?"

"ಎರಡೂ ಕಡೆ ಕೂಡಿಕೊಂಡರೆ ಜಾಗದ ಬೆಲೆ ಏರುತ್ತೆ ಸರ್. ಹೊರಗಿನವರು ಬರ್ತಾರೆ. ಐದಾರು ವರ್ಷದಲ್ಲಿ ಊರಿನ ಲಕ್ಷಣ ಬದಲಾಗಬಹುದು."

"ಚುನಾವಣೆಗೆ ಇನ್ನು ಹದಿನಾಲ್ಕು ತಿಂಗಳು. ಈಗ ಮಾದರಿ ಅಲುಗಾಡಿದರೆ ಕಷ್ಟ."

"ಆದರೆ ಸರ್, ಗೇಟಿನ ಹತ್ತಿರ ಜನ ತುಂಬಾ ಕಾಯ್ತಾರೆ."

"ದೇಶದಲ್ಲಿ ಇಂಥ ಗೇಟು ಎಷ್ಟಿವೆ ಹೇಳಿ? ಎಲ್ಲರೂ ಕಾಯ್ತಾರೆ. ಅದಕ್ಕೇ ಅಲ್ಲವೇ ಹುಣಸಿಹಾಳ ದೇಶದ ಹಾಗಿರೋದು?"

ಅವಳು ಕಡತ ತೆರೆದಳು. ವರದಿಯ ಕೊನೆಗೆ, 'ಸದ್ಯಕ್ಕೆ ಮುಂದೂಡುವುದು ಸೂಕ್ತ' ಎಂದು ಬರೆದು ಸಹಿ ಮಾಡಿದಳು. ಹಿಂದಿನ ಸಲವೂ ಅದೇ ಸಾಲನ್ನೇ ಬರೆದಿದ್ದಳು. ಊಟದ ಹೊತ್ತಾಗಿತ್ತು, ಕೋಣೆಗೆ ಹೋಗಿ ಅನ್ನ ಸಾರು ಬಿಸಿ ಮಾಡಿಕೊಂಡು ಉಂಡಳು.

ಮೂರು ತಿಂಗಳು ಕಳೆಯಿತು. ಶ್ರಾವಣದ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದರ ಸುಮಾರು, ಅವಳು ಬಟ್ಟೆ ಒಣಗಹಾಕುತ್ತಿದ್ದಾಗ ಗೋಡೆಯಾಚೆಯಿಂದ ಪಾತ್ರೆಗಳು ಉರುಳಿದ ಸದ್ದಾಯಿತು. ಹಿಂದೆಯೇ ಮಹಾನಂದಾಳ ಕೂಗು.

"ಅಕ್ಕಾರ! ಬರ್ರಿ ಲಗೂನ! ನಮ್ಮನಿಯವ್ರು ನೋಡ್ರಿ!"

ಅನಸೂಯಾ ಕಟ್ಟಳೆ ನೆನೆಯುವ ಮೊದಲೇ ಓಡಿದ್ದಳು. ಆ ಮನೆಯ ಹೊಸ್ತಿಲನ್ನು ಅವಳು ದಾಟಿದ್ದು ಅದೇ ಮೊದಲು. ದೇವೀಂದ್ರಪ್ಪ ಗಲ್ಲೆಯ ಪಕ್ಕ ಕುಸಿದು ಕೂತಿದ್ದ. ಎದೆ ಹಿಡಿದುಕೊಂಡಿದ್ದ, ಅಂಗಿ ಬೆವರಿನಲ್ಲಿ ತೊಯ್ದಿತ್ತು. ಇಬ್ಬರು ಗಿರಾಕಿಗಳು ಆಟೋ ನಿಲ್ಲಿಸಿದರು. ಅವನ ತಲೆ ಮಹಾನಂದಾಳ ತೊಡೆಯ ಮೇಲೆ, ಕಾಲು ಅನಸೂಯಾಳ ಮಡಿಲಲ್ಲಿ. ಐದು ನಿಮಿಷದ ದಾರಿ.

ಗೇಟು ಹಾಕಿತ್ತು.

ಮೊದಲನೆಯ ಗಾಡಿ ಹೋಯಿತು. ಆಟೋದವನು ಇಳಿದು ಗೇಟಿನವನ ಹತ್ತಿರ ಓಡಿದ. ಗೇಟಿನವನು ಕೈ ಆಡಿಸಿ ಏನೋ ಹೇಳಿದ. ಸಿಗ್ನಲ್ ಬಿದ್ದಿದೆ, ಎರಡನೆಯದು ಬರುತ್ತಿದೆ. ಹಳಿ ದಾಟಿ ಹೊತ್ತುಕೊಂಡು ಹೋಗೋಣವೆಂದರೆ ಈಚೆಯ ಲೈನಿನ ಮೇಲೇ ಒಂದು ಗಾಡಿ ಬಂದು ನಿಂತಿತು, ಉದ್ದಕ್ಕೆ, ಕೊನೆಯೇ ಕಾಣದಂತೆ.

"ಏನೂ ಆಗಂಗಿಲ್ಲ, ಈಗ ಏಳತೈತಿ ಗೇಟ," ಎಂದು ಮಹಾನಂದಾ ಗಂಡನ ಕಿವಿಯಲ್ಲಿ ಹೇಳುತ್ತಿದ್ದಳು. ದೇವೀಂದ್ರಪ್ಪ ಕಣ್ಣು ತೆರೆದು, "ಇದು ಏಳೂ ಗೇಟ ಅಲ್ಲ, ನಾ ಮೂವತ್ತ ವರ್ಷ ನೋಡೀನಿ," ಎಂದ. ನಗಲು ನೋಡಿದ. ಆಮೇಲೆ ಅವನು ಮಾತಾಡಲಿಲ್ಲ. ಗೇಟು ಎದ್ದಾಗ ಮೂವತ್ತೈದು ನಿಮಿಷವಾಗಿತ್ತು. ಅಷ್ಟರಲ್ಲಿ ಅವನ ಕಾಲು ಅನಸೂಯಾಳ ಕೈಯಲ್ಲೇ ತಣ್ಣಗಾಗಿತ್ತು.

ಸೋಮವಾರ ಅವಳು ಹೋಗಿ ಜನನಾಡಿಯ ಮುಂದೆ ಕುಳಿತಳು. ಗೆರೆ ಎಂದಿನಂತೆ ಹರಿಯುತ್ತಿತ್ತು. ಊರಿಗೆ ಊರೇ ಆ ಸಾವಿನ ಮಾತಾಡುತ್ತಿತ್ತು. ಗೆರೆ ಒಂದಿಷ್ಟು ಇಳಿದು, ಸಂಜೆಯ ಹೊತ್ತಿಗೆ ತನ್ನ ಜಾಗಕ್ಕೆ ಬಂದು ಕೂತಿತು. ಆ ಇಳಿತ ಯಾವುದೆಂದು ಅವಳಿಗೆ ಗೊತ್ತಿತ್ತು. ಜನ 'ಹಣೆಬರಹ' ಎಂದು ಹೇಳಿ ನಿಟ್ಟುಸಿರು ಬಿಟ್ಟಾಗ ಬರುವ ಇಳಿತ ಅದು. ಸಿಟ್ಟಿಗೆ ಬೇರೆ ಆಕಾರವಿರುತ್ತದೆ.

ಖಾನಾವಳಿಯ ಬಾಗಿಲು ತೆರೆಯಲಿಲ್ಲ. ಐದನೆಯ ದಿನ ಪರದೆಯ ಮೂಲೆಯಲ್ಲಿ ಕೆಂಪು ಅಕ್ಷರ ಮೂಡಿತು: 'ಪೆಟ್ಟಿಗೆ ಒಂಬತ್ತು, ದೋಷ.' ಇನಾಮದಾರರ ಕರೆ ಬಂತು.

"ಒಂಬತ್ತನೆಯದು ಕೆಟ್ಟಂಗಿದೆ. ಹೊಸದು ಕಳಿಸಲೇ?"

"ಕೆಟ್ಟಿಲ್ಲ ಸರ್. ಆ ಮನೆಯಲ್ಲಿ ಯಾರೂ ಮಾತಾಡ್ತಿಲ್ಲ."

"ಯಾಕೆ?"

"ಯಜಮಾನರು ತೀರಿಕೊಂಡರು. ಗೇಟಿನ ಹತ್ತಿರ, ಆಟೋದಲ್ಲಿ."

ಪರದೆಯಲ್ಲಿ ಇನಾಮದಾರರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೂ ಬೇಸರವಾಗಿತ್ತು, ಸುಳ್ಳು ಬೇಸರವಲ್ಲ. "ಅಯ್ಯೋ ಪಾಪ," ಎಂದರು. ಕನ್ನಡಕ ಹಾಕಿಕೊಂಡು, "ಹಾಗಾದರೆ ಆ ದಿನಗಳನ್ನು ಬಿಟ್ಟು ಸರಾಸರಿ ತೆಗೀರಿ," ಎಂದರು.

ಅವಳು ಬಿಟ್ಟು ಸರಾಸರಿ ತೆಗೆದಳು. ಒಂದೂ ಅಂಕಿ ಬದಲಾಗಲಿಲ್ಲ. ತಾನು ಸತ್ತರೂ ಅಂಕಿ ಬದಲಾಗದು. ಬದಲಾಗಬಾರದೆಂದೇ ಅಲ್ಲವೇ ತನ್ನನ್ನು ಇಲ್ಲಿ ಇಟ್ಟದ್ದು?

ಹದಿನಾಲ್ಕನೆಯ ದಿನ ಗೋಡೆಯಾಚೆ ರೊಟ್ಟಿ ತಟ್ಟುವ ಸದ್ದು ಮತ್ತೆ ಕೇಳಿಸಿತು. ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಅನಸೂಯಾ ಖಾನಾವಳಿಗೆ ಹೋದಳು. ಮೊದಲು ಸ್ಟೂಲು ಎಳೆದು ಹತ್ತಿ ಒಂಬತ್ತನೇ ಪೆಟ್ಟಿಗೆಯ ತಂತಿ ಕಿತ್ತಳು. ಮಹಾನಂದಾ ಒಲೆಯ ಮುಂದಿನಿಂದ ತಿರುಗಿ ನೋಡಿದಳು.

"ಯಾಕ್ರಿ, ಕೆಟ್ಟೈತೇನ?"

"ಇಲ್ಲ. ಅಮ್ಮಾ, ನಿಮ್ಮ ಹತ್ತಿರ ಒಂದು ಮಾತು ಹೇಳಬೇಕು. ಕೂತ್ಕೊಳ್ಳಿ."

ಎಲ್ಲವನ್ನೂ ಹೇಳಿದಳು. ತಾನು ಮಳೆಯವಳಲ್ಲ ಎಂಬುದರಿಂದ ಹಿಡಿದು ಪೆಟ್ಟಿಗೆ, ಗೆರೆ, ದೆಹಲಿ, ಸೇತುವೆಯ ಕಡತದವರೆಗೆ. ಹನ್ನೊಂದು ವರ್ಷದಲ್ಲಿ ಒಟ್ಟಿಗೇ ಇಷ್ಟು ಮಾತಾಡಿದವಳಲ್ಲ. ಮಹಾನಂದಾ ಒಮ್ಮೆಯೂ ತಡೆಯಲಿಲ್ಲ. ಕೊನೆಗೆ ಕೇಳಿದಳು:

"ಬ್ರಿಜ್ ಎಷ್ಟ ಸಲ ಬಂದಿತ್ತ್ರಿ?"

"ಮೂರು ಸಲ."

"ಮೂರೂ ಸಲ ಬ್ಯಾಡ ಅಂತ ನೀವ ಬರದ್ರಿ?"

"ಮೊದಲನೇದು ನಾನು ಬರೋಕೆ ಮುಂಚೆ. ಆಮೇಲಿನ ಎರಡು ನಾನೇ."

"ಗಾಡ್ಯಾಗ ನೀವ ಕಾಲ ಹಿಡಕೊಂಡ ಕುಂತಿದ್ರಿ. ಆವಾಗೂ ಇದು ಗೊತ್ತಿತ್ತ ನಿಮಗ?"

"ಗೊತ್ತಿತ್ತು."

ಮಹಾನಂದಾ ಎದ್ದಳು. ಹೊಡೆಯುತ್ತಾಳೆ ಅಂದುಕೊಂಡಳು ಅನಸೂಯಾ. ಹೊಡೆದರೆ ಒಳ್ಳೆಯದು ಎಂದೂ ಅನ್ನಿಸಿತು. ಮಹಾನಂದಾ ತಾಟು ತೊಳೆದು ತಂದಿಟ್ಟಳು. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು.

"ಉಣ್ರಿ."

"ಅಮ್ಮಾ..."

"ಬಂದವ್ರನ್ನ ಹಸಗೊಂಡ ಕಳಸೂ ಮನಿ ಅಲ್ಲ ಇದು. ಹನ್ನೊಂದ ವರ್ಷ ಕರದೀನಿ, ಇವತ್ತ ಬಂದೀರಿ. ಉಂಡ ಹೋಗ್ರಿ. ಇನ್ನ ಮ್ಯಾಲ ಈ ಹೊಸ್ತಿಲಾ ತುಳೀಬ್ಯಾಡ್ರಿ."

ಅನಸೂಯಾ ಉಂಡಳು. ಮಹಾನಂದಾ ಎದುರಿಗೆ ನಿಂತೇ ಇದ್ದು, ತಾಟು ಖಾಲಿಯಾದ ಮೇಲೆ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನದೊಳಗೆ ಇಡೀ ಊರಿಗೆ ಗೊತ್ತಾಗಿತ್ತು. ಗಲಾಟೆಯೇನೂ ಆಗಲಿಲ್ಲ. ಬೆಳಿಗ್ಗೆ ಉಪಕೇಂದ್ರದ ಬಾಗಿಲಿಗೆ ಬಂದರೆ ಉಳಿದ ಇಪ್ಪತ್ತೊಂದು ಪೆಟ್ಟಿಗೆಗಳು ಮೆಟ್ಟಿಲ ಮೇಲೆ ಬಿದ್ದಿದ್ದವು. ಕೆಲವಕ್ಕೆ ಗೋಡೆಯ ಸುಣ್ಣವೂ ಅಂಟಿತ್ತು. ದಾರಿಯಲ್ಲಿ ಸೈಕಲ್ ಮೇಲೆ ಹೋದವರು ಯಾರೂ ಮಳೆಯ ವಿಷಯ ಕೇಳಲಿಲ್ಲ.

ಹಸಿರು ಗೆರೆ ಸಪಾಟಾಗಿ ಮಲಗಿತು. ಕೇಂದ್ರದವರು ವಿಚಾರಣೆ ನಡೆಸಿ ಅವಳನ್ನು ಕೆಲಸದಿಂದ ತೆಗೆದರು. ಇನಾಮದಾರರು ಕೊನೆಯ ಸಲ ಮಾತಾಡಿದಾಗ, "ನಲವತ್ತು ವರ್ಷದ ಕೆಲಸ, ಅನಸೂಯಾ ಅವರೇ. ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಟ್ಟಿರಿ," ಎಂದರು. ಅವರ ದನಿ ಅಳುವವರ ದನಿಯಾಗಿತ್ತು. ಅಳೆಯಲು ಯಂತ್ರ ಬೇಕಿರಲಿಲ್ಲ.

ಆಮೇಲೆ ಎಲ್ಲರೂ ಬಂದರು. ಟೀವಿಯವರು, ಪಕ್ಷದವರು, ಮಂತ್ರಿಗಳು. ಪ್ರತಿಯೊಬ್ಬರೂ ಸೇತುವೆ ಕಟ್ಟಿಸುವುದಾಗಿ ಆಣೆ ಮಾಡಿದರು. ಊರಿನವರು ಎಲ್ಲರ ಮಾತೂ ಕೇಳಿದರು, ಎಲ್ಲರಿಗೂ ಚಹ ಕೊಟ್ಟರು. ಸಾರ್ವತ್ರಿಕ ಚುನಾವಣೆಯ ದಿನ ಸಾಲುಗಟ್ಟಿ ಹೋಗಿ, ಮೂರರಲ್ಲಿ ಎರಡು ಪಾಲು ಜನ ಮತಯಂತ್ರದ ಕೊನೆಯ ಗುಂಡಿ ಒತ್ತಿದರು: ಮೇಲಿನ ಯಾರೂ ಅಲ್ಲ. ಹುಣಸಿಹಾಳ ಮೊದಲ ಸಲ ದೇಶದಂತೆ ಇರಲಿಲ್ಲ. ಹಳೆಯ ಗೆರೆಯನ್ನೇ ನೆಚ್ಚಿ ಕೇಂದ್ರ ನುಡಿದಿದ್ದ ಭವಿಷ್ಯ ತಲೆಕೆಳಗಾಯಿತು, ಗೆಲ್ಲುವರೆಂದವರು ಸೋತರು. ಕೇಂದ್ರ ಬೇರೊಂದು ಊರನ್ನು ಹುಡುಕಿಕೊಂಡಿದೆ ಎಂದು ಸುದ್ದಿಯಿತ್ತು. ಯಾವ ಊರು ಎಂದು ಯಾರಿಗೂ ಗೊತ್ತಿರಲಿಲ್ಲ.

ಸೇತುವೆಗೆ ಮಂಜೂರಾತಿ ಸಿಕ್ಕಿತು. ಮುಂದಿನ ಮಳೆಗಾಲಕ್ಕೆ ಮುಂಚೆ ಎರಡು ಕಂಬ ಎದ್ದವು.

ಅನಸೂಯಾ ಊರು ಬಿಡಲಿಲ್ಲ. ಯಾಕೆಂದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ. ಹಳಿಯ ಆಚೆಯ ಖಾಸಗಿ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು ಬೇಕಾಗಿದ್ದರು. ಬೇರೆ ಯಾರೂ ಸಿಗದೆ ಅವಳನ್ನೇ ತೆಗೆದುಕೊಂಡರು. ದಿನಕ್ಕೆ ಎರಡು ಸಲ ಗೇಟಿನ ಮುಂದೆ ಊರಿನವರ ಜೊತೆ ನಿಲ್ಲುತ್ತಿದ್ದಳು. ಅವಳ ಸುತ್ತ ಒಂದು ಮಾರು ಜಾಗ ಖಾಲಿ ಇರುತ್ತಿತ್ತು. ಅಂಗಡಿಯವರು ಕೇಳಿದ್ದು ಕೊಟ್ಟು ಸುಮ್ಮನಾಗುತ್ತಿದ್ದರು. ಹಿಂದೆಯೂ ಅವಳು ಒಂಟಿಯೇ. ಆದರೆ ಆಗ ಒಂಟಿಯಾಗಿರುವುದೇ ಅವಳ ಕೆಲಸವಾಗಿತ್ತು. ಈಗ ಅದಕ್ಕೆ ಯಾವ ನೆಪವೂ ಇರಲಿಲ್ಲ. ಯುಗಾದಿಯ ದಿನ ಬಾಗಿಲ ಬಳಿ ಕಾಲ ಸಪ್ಪಳವಾದಂತಾಗಿ ಎದ್ದು ಹೋಗಿ ತೆರೆದಳು. ಯಾರೂ ಇರಲಿಲ್ಲ.

ಮುಂದಿನ ವರ್ಷ ಪಟ್ಟಣ ಪಂಚಾಯ್ತಿಯ ಚುನಾವಣೆ ಬಂತು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಅರ್ಜಿ ಹಾಕಿದಳು. ಪರಿಶೀಲನೆಗೆ ಬಂದ ಅಂಗನವಾಡಿ ಟೀಚರ್ ಅಕ್ಕಪಕ್ಕದಲ್ಲಿ ವಿಚಾರಿಸಿ ಹೋದಳು. ಅವಳು ಇಲ್ಲಿಯವಳೇ ಎಂದು ಯಾರೋ ಹೇಳಿರಬೇಕು. ಹೆಸರು ಪಟ್ಟಿಯಲ್ಲಿ ಬಂತು.

ಮತಗಟ್ಟೆ ಹೆಣ್ಣುಮಕ್ಕಳ ಶಾಲೆಯಲ್ಲಿತ್ತು. ಬೆಳಿಗ್ಗೆ ಹತ್ತಕ್ಕೆ ಹೆಂಗಸರ ಸಾಲು ಅಂಗಳದವರೆಗೆ ಚಾಚಿತ್ತು. ಅವಳ ಹಿಂದೆ ನಾಲ್ಕು ಜನರಾಚೆ ಮಹಾನಂದಾ ನಿಂತಿದ್ದಳು. ಒಬ್ಬರನ್ನೊಬ್ಬರು ನೋಡಿದರು. ಸರದಿ ಬಂದಾಗ ಅನಸೂಯಾ ಬೆರಳಿಗೆ ಮಸಿ ಹಾಕಿಸಿಕೊಂಡು ರಟ್ಟಿನ ಮರೆಯ ಹಿಂದೆ ಹೋದಳು.

ಐದು ಹೆಸರುಗಳಿದ್ದವು. ಮೊದಲನೆಯದರಿಂದ ಓದಿದಳು. ಈ ವಾರ್ಡಿನ ಹೆಂಗಸರು ಯಾರತ್ತ ವಾಲುತ್ತಾರೆ, ಮಿಲ್ಲಿನವರು ಯಾರಿಗೆ ಹಾಕುತ್ತಾರೆ, ಯಾರು ಎಷ್ಟರ ಅಂತರದಲ್ಲಿ ಗೆಲ್ಲುತ್ತಾರೆ ಎಂದು ತಟ್ಟನೆ ಹೊಳೆಯಿತು. ಅದನ್ನೆಲ್ಲ ಪಕ್ಕಕ್ಕೆ ಸರಿಸಿದಳು. ತನಗೆ ಯಾರು ಬೇಕು? ಒಳಗೆಲ್ಲ ಹುಡುಕಿದಳು, ಏನೂ ಸಿಗಲಿಲ್ಲ. ಹನ್ನೊಂದು ವರ್ಷ ಯಾವುದನ್ನೂ ಬೇಕು ಅನ್ನದೆ, ಬೇಡ ಅನ್ನದೆ ಬದುಕಿದವಳು. ಬೆರಳು ಎತ್ತಿದಲ್ಲೇ ಇತ್ತು.

"ಅಮ್ಮಾ, ಎಷ್ಟ ಹೊತ್ತ್ರಿ?" ಮತಗಟ್ಟೆಯ ಅಧಿಕಾರಿ ಕೂಗಿದ. "ಗುಂಡಿ ಒತ್ತಿ ಹೊರಗ ಬರ್ರಿ. ಸಾಲು ನಿಂತೈತಿ."

ಸಾಲಿನಲ್ಲಿ ಗುಸುಗುಸು ಎದ್ದಿತು. ಯಾರೋ ಕಿಸಕ್ಕನೆ ನಕ್ಕರು.

"ಸಾಹೇಬ್ರ, ಸುಮ್ನಿರ್ರಿ ನೀವು," ಎಂದಿತು ದಪ್ಪನೆಯ ದನಿಯೊಂದು, ಬಾಗಿಲ ಹತ್ತಿರದಿಂದ. ಮಹಾನಂದಾಳ ದನಿ. ಅದರಲ್ಲಿ ಪ್ರೀತಿಯಿರಲಿಲ್ಲ, ಕ್ಷಮೆಯೂ ಇರಲಿಲ್ಲ. "ಆಕಿ ವಿಚಾರ ಮಾಡಾಕತ್ತಾಳ. ಮಾಡ್ಲಿ ಬಿಡ್ರಿ. ನಾವೆಲ್ಲಾ ನಿಂತೇವಿ."

ಸಾಲು ಸುಮ್ಮನಾಯಿತು. ರಟ್ಟಿನ ಮರೆಯಲ್ಲಿ ಅನಸೂಯಾ ಕಣ್ಣೊರೆಸಿಕೊಂಡು, ಮತ್ತೆ ಮೊದಲ ಹೆಸರಿನಿಂದ ಓದತೊಡಗಿದಳು.